ಯುವಜನರ ಮೇಲಿನ ಒತ್ತಡ ಕುರಿತು ಸಾಕ್ಷ್ಯಚಿತ್ರ: ವಿದ್ಯಾರ್ಥಿ ತಂಡಗಳಿಗೆ ಸಮಗ್ರ ಮಾರ್ಗದರ್ಶಿ

ಈ ವಿಷಯವನ್ನು ಕೈಗೆತ್ತಿಕೊಂಡ ವಿದ್ಯಾರ್ಥಿ ತಂಡಗಳು ಹೆಚ್ಚುಕಡಿಮೆ ಒಂದೇ ಚಿತ್ರವನ್ನು ಮಾಡಿ ಮುಗಿಸುತ್ತವೆ. ಕಿಟಕಿಯ ಬಳಿ ತಲೆ ತಗ್ಗಿಸಿ ಕುಳಿತ ಹುಡುಗಿ, ಹಿನ್ನೆಲೆಯಲ್ಲಿ ಪಿಯಾನೊ, ಕಾರಿಡಾರಿನಲ್ಲಿ ಮೈಕ್ ಹಿಡಿದು ಸಂಗ್ರಹಿಸಿದ ಹತ್ತು ಜನರ ಅಭಿಪ್ರಾಯ, ಕೊನೆಗೆ ಒಬ್ಬ ತಜ್ಞರ ಮಾತು. ನೋಡಿದವರು ಚಪ್ಪಾಳೆ ತಟ್ಟುತ್ತಾರೆ. ಮರುದಿನ ಒಂದು ಮುಖವೂ ಅವರ ನೆನಪಿನಲ್ಲಿ ಉಳಿದಿರುವುದಿಲ್ಲ.

ಈ ತಂಡಗಳಲ್ಲಿ ಶ್ರದ್ಧೆಗೆ ಕೊರತೆ ಇರುವುದನ್ನು ನಾನು ಕಂಡಿಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ. ಮೊದಲ ದಿನವೇ ಕ್ಯಾಮೆರಾ ಹೊರಬರುತ್ತದೆ, ಯಾರ ಕಥೆ ಎಂಬುದು ಆಮೇಲೆ ಹೊಳೆಯುತ್ತದೆ, ಒಪ್ಪಿಗೆ ಪತ್ರ ಪ್ರದರ್ಶನದ ಹಿಂದಿನ ದಿನ ನೆನಪಾಗುತ್ತದೆ.

ಎರಡು ಸಂಗತಿಗಳನ್ನು ಆರಂಭದಲ್ಲೇ ಮನಸ್ಸಿಗೆ ತಂದುಕೊಳ್ಳಿ. ಒತ್ತಡ ಕ್ಯಾಮೆರಾದ ಕಣ್ಣಿಗೆ ಬೀಳುವುದಿಲ್ಲ. ಅದು ಬಂದು ಕೂರುವ ಜಾಗಗಳು ಮಾತ್ರ ಬೀಳುತ್ತವೆ. ಮಡಚಿ ಮಡಚಿ ಸಣ್ಣದಾದ ಅಂಕಪಟ್ಟಿ, ಅರ್ಧ ತೆರೆದ ಬಾಗಿಲು, ಬೆರಳಿನಿಂದ ಕೀಳುತ್ತಿರುವ ತೋಳಿನ ದಾರ. ಎರಡನೆಯದು, ಕ್ಯಾಮೆರಾ ತಾನೇ ಒಂದು ಒತ್ತಡ. ಈಗಾಗಲೇ ನಾಲ್ಕಾರು ಜನರ ನಿರೀಕ್ಷೆಯನ್ನು ಹೊತ್ತವರ ಮುಂದೆ ನೀವು ಇನ್ನೊಂದು ನಿರೀಕ್ಷೆಯಾಗಿ ಹೋಗಿ ನಿಲ್ಲುತ್ತೀರಿ. ಕೆಳಗಿನ ಹಂತಗಳನ್ನು ಅದಕ್ಕೆ ತಕ್ಕಂತೆ ಜೋಡಿಸಿದ್ದೇನೆ. 8ರಿಂದ 12 ನಿಮಿಷದ ಚಿತ್ರ, ಮೂರರಿಂದ ಐದು ಜನರ ತಂಡ, ಸುಮಾರು ಹತ್ತು ವಾರಗಳ ಅವಧಿ ಎಂಬ ಅಂದಾಜಿನಲ್ಲಿ ಬರೆದಿದ್ದೇನೆ.

## ಹಂತ 1: ವಿಷಯವನ್ನು ಒಂದು ಸನ್ನಿವೇಶಕ್ಕೆ ಇಳಿಸಿ

"ಸಾಮಾಜಿಕ ಒತ್ತಡ" ಎಂಬುದು ವಿಷಯ. ಚಿತ್ರಕ್ಕೆ ಸನ್ನಿವೇಶ ಬೇಕು. ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಯಾರು? ಯಾರ ನಿರೀಕ್ಷೆಯ ಕೆಳಗೆ? ಯಾವ ತೀರ್ಮಾನ ತೆಗೆದುಕೊಳ್ಳಬೇಕಾಗಿದೆ? ಎಂದಿನೊಳಗೆ? "ವಿಜ್ಞಾನ ಬಿಟ್ಟು ಚಿತ್ರಕಲೆ ಓದಬೇಕೆಂದಿರುವ ಹುಡುಗ, ಅದನ್ನು ತಂದೆಗೆ ಇನ್ನೂ ಹೇಳಿಲ್ಲ, ಅರ್ಜಿ ಸಲ್ಲಿಸಲು ಒಂದು ತಿಂಗಳಿದೆ." ಇದು ಸನ್ನಿವೇಶ. "ಗೆಳತಿಯರ ಗುಂಪಿನ ಫೋಟೊಗಳಲ್ಲಿ ತಾನು ಚೆನ್ನಾಗಿ ಕಾಣುವುದಿಲ್ಲವೆಂದು ಎರಡು ತಿಂಗಳಿಂದ ಎಲ್ಲ ಆಹ್ವಾನಗಳನ್ನೂ ತಪ್ಪಿಸುತ್ತಿರುವ ಹುಡುಗಿ, ಮುಂದಿನ ವಾರ ಅಕ್ಕನ ಮದುವೆ." ಇದೂ ಸನ್ನಿವೇಶವೇ. ತೀರ್ಮಾನ ಮತ್ತು ಗಡುವು ಎರಡೂ ಇದ್ದರೆ ನೋಡುವವರು "ಮುಂದೇನಾಯಿತು" ಎಂದು ಕೇಳುತ್ತಾರೆ. ಅದೊಂದು ಕೇಳಿಕೆಯೇ ಹತ್ತು ನಿಮಿಷವನ್ನು ಹಿಡಿದಿಡುತ್ತದೆ.

ಅಂಕಗಳ ಒತ್ತಡ, ರೂಪದ ಒತ್ತಡ, ಗೆಳೆಯರ ಗುಂಪಿನ ಒತ್ತಡ, ಮದುವೆಯ ಒತ್ತಡ, ಹಣ ಸಂಪಾದಿಸುವ ಒತ್ತಡ ಎಲ್ಲವನ್ನೂ ಒಂದೇ ಚಿತ್ರಕ್ಕೆ ತುರುಕಬೇಡಿ. ಒಂದನ್ನು ಆರಿಸಿ. ಉಳಿದವು ಆ ಒಂದರ ಬೆನ್ನಿಗೆ ತಾವಾಗಿಯೇ ಬರುತ್ತವೆ.

ಎಚ್ಚರಿಕೆಯ ಗುರುತು: ನಿಮ್ಮ ಟಿಪ್ಪಣಿಯ ಮೊದಲ ವಾಕ್ಯ "ಇಂದಿನ ಯುವಜನತೆ" ಎಂದು ಶುರುವಾಗಿದ್ದರೆ ನಿಮ್ಮ ಕೈಯಲ್ಲಿರುವುದು ಇನ್ನೂ ಪ್ರಬಂಧ. ಹಾಳೆ ಹರಿದು ಮತ್ತೆ ಬರೆಯಿರಿ.

## ಹಂತ 2: ಕ್ಯಾಮೆರಾ ಇಲ್ಲದೆ ಎರಡು ವಾರ

ಈ ಎರಡು ವಾರಗಳಲ್ಲಿ ಕೆಲಸ ಒಂದೇ: ಕೂತು ಕೇಳುವುದು. ಆರೇಳು ಜನರೊಂದಿಗೆ ಮಾತನಾಡಿ, ಅವರಲ್ಲಿ ಇಬ್ಬರನ್ನು ಅಥವಾ ಮೂವರನ್ನು ಆರಿಸಿಕೊಳ್ಳಿ. ರೆಕಾರ್ಡ್ ಮಾಡಬೇಡಿ. ಮನೆಗೆ ಬಂದು ಬರೆದಿಡಿ. ಬರೆಯುವಾಗ ಭಾವನೆಗಳಿಗಿಂತ ಹೊತ್ತು, ಜಾಗ, ವಸ್ತುಗಳನ್ನು ಗುರುತು ಮಾಡಿಕೊಳ್ಳಿ. "ಅವನಿಗೆ ಬೇಸರ" ಎಂಬ ಟಿಪ್ಪಣಿಯಿಂದ ಒಂದು ಶಾಟ್ ಕೂಡ ಹುಟ್ಟುವುದಿಲ್ಲ. "ಫಲಿತಾಂಶ ಬಂದ ದಿನ ಮೆಟ್ಟಿಲ ಮೇಲೆ ಕೂತು, ಒಳಗೆ ಟಿವಿ ಆರುವವರೆಗೂ ಕಾದ" ಎಂಬ ಟಿಪ್ಪಣಿಯಿಂದ ಮೂರು ಶಾಟ್ ಮತ್ತು ಒಂದು ಶಬ್ದ ಸಿಗುತ್ತದೆ.

ನಿಮ್ಮ ಅತಿ ಮುಖ್ಯವಾದ ಪ್ರಶ್ನೆಯನ್ನು ಈ ಹಂತದಲ್ಲಿ ಕೇಳಬೇಡಿ. ಒಮ್ಮೆ ಮನಸಾರೆ ಹೇಳಿದ್ದನ್ನು ಜನ ಎರಡನೆಯ ಸಲ ಚುಟುಕಾಗಿ ಹೇಳುತ್ತಾರೆ. "ನಾನು ಆವತ್ತೇ ಹೇಳಿದೆನಲ್ಲ" ಎಂದು ಕ್ಯಾಮೆರಾದ ಮುಂದೆ ಕೇಳಿಸಿಕೊಳ್ಳುವುದು ನೋವಿನ ಅನುಭವ. ಮಾತು ತಾನಾಗಿಯೇ ಅಲ್ಲಿಗೆ ಹರಿದರೆ ತಡೆಯಬೇಡಿ, ಕೆದಕಲೂ ಬೇಡಿ.

ಅತಿ ಹೆಚ್ಚು ನೋವುಂಡವರನ್ನೇ ಆರಿಸಬೇಕು ಎಂಬ ತಪ್ಪು ಕಲ್ಪನೆ ಬಹಳ ತಂಡಗಳಲ್ಲಿದೆ. ಆರಿಸಬೇಕಾದವರು ತಮ್ಮ ಅನುಭವದಿಂದ ತುಸು ದೂರ ಬಂದು ನಿಂತು ಅದನ್ನು ನೋಡಬಲ್ಲವರು. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕುವ ಆಸೆಯಿಲ್ಲ ಎಂದು ಈಗ ಹೇಳುತ್ತಿರುವವರು, ಮನೆಯಲ್ಲಿ ಹೊಡೆತ ತಿನ್ನುತ್ತಿರುವವರು, ಚಿತ್ರದಿಂದಲೇ ತಮ್ಮ ಸಮಸ್ಯೆ ಬಗೆಹರಿಯುತ್ತದೆ ಎಂದು ನಂಬಿರುವವರು, ಇವರನ್ನು ಈಗ ಚಿತ್ರೀಕರಿಸಬಾರದು. ಅಂಥ ಮಾತು ಕಿವಿಗೆ ಬಿದ್ದ ದಿನ ನೀವು ನಿರ್ದೇಶಕರಾಗಿರುವುದನ್ನು ಬಿಟ್ಟು, ಅವರು ನಂಬುವ ಒಬ್ಬ ಹಿರಿಯರ ಬಳಿಗೆ ಅಥವಾ ಆಪ್ತಸಮಾಲೋಚಕರ ಬಳಿಗೆ ಅವರನ್ನು ಕರೆದುಕೊಂಡು ಹೋಗಿ. ಜೀವಕ್ಕೆ ಅಪಾಯವಿದೆ ಎನಿಸಿದರೆ ಗುಟ್ಟು ಕಾಯುವ ಮಾತು ಕೊಟ್ಟಿದ್ದರೂ ಹಿರಿಯರಿಗೆ ತಿಳಿಸಲೇಬೇಕು. ಈ ಕಾರಣಕ್ಕೇ "ಯಾರಿಗೂ ಹೇಳುವುದಿಲ್ಲ" ಎಂಬ ಭಾಷೆಯನ್ನು ಮೊದಲ ಭೇಟಿಯಲ್ಲಿ ಕೊಡಬೇಡಿ.

## ಹಂತ 3: ಒಪ್ಪಿಗೆ ಮತ್ತು ಗುರುತಿನ ರಕ್ಷಣೆ

ಒಪ್ಪಿಗೆ ಪತ್ರ ಒಂದು ಪುಟ ಸಾಕು. ಆದರೆ ಅದರಲ್ಲಿ ಐದು ವಿಷಯಗಳು ಸ್ಪಷ್ಟವಾಗಿರಬೇಕು: ಚಿತ್ರ ಯಾವುದರ ಬಗ್ಗೆ, ಏನನ್ನು ದಾಖಲಿಸುತ್ತೀರಿ, ಎಲ್ಲೆಲ್ಲಿ ತೋರಿಸುತ್ತೀರಿ, ಯಾವ ದಿನಾಂಕದವರೆಗೆ ಅವರು ಹಿಂದೆ ಸರಿಯಬಹುದು, ಸರಿಯಬೇಕಾದರೆ ಯಾರಿಗೆ ಹೇಳಬೇಕು. "ತರಗತಿಯಲ್ಲಿ ಮಾತ್ರ" ಎಂದು ಸಹಿ ಪಡೆದು ಆಮೇಲೆ ಅಂತರ್ಜಾಲಕ್ಕೆ ಏರಿಸಿದರೆ ಆ ಸಹಿಗೆ ಬೆಲೆ ಇಲ್ಲ. ಎಲ್ಲೆಲ್ಲಿ ತೋರಿಸಬಹುದು ಎಂಬುದಕ್ಕೆ ಬೇರೆ ಬೇರೆ ಚೌಕಗಳನ್ನಿಟ್ಟು, ಒಂದೊಂದಕ್ಕೂ ಅವರೇ ಗುರುತು ಹಾಕುವಂತೆ ಮಾಡಿ.

ಅಪ್ರಾಪ್ತ ವಯಸ್ಸಿನವರಾದರೆ ಪೋಷಕರ ಸಹಿ ಬೇಕು, ಅದರ ಜೊತೆಗೆ ಅವರದೇ ಮನಸ್ಸಿನ ಒಪ್ಪಿಗೆಯೂ ಬೇಕು. ಪೋಷಕರು ಒಪ್ಪಿ ಮಗು ಹಿಂಜರಿದರೆ ಚಿತ್ರೀಕರಣ ಇಲ್ಲ. ಶಾಲೆ, ಕಾಲೇಜು, ಗ್ರಂಥಾಲಯದ ಆವರಣಕ್ಕೆ ಪ್ರತ್ಯೇಕ ಅನುಮತಿ ಬೇಕಾಗುತ್ತದೆ. ಅದಕ್ಕೆ ತಗಲುವ ದಿನಗಳನ್ನು ಮೊದಲೇ ಲೆಕ್ಕದಲ್ಲಿಡಿ.

ಇಲ್ಲಿ ಒಂದು ಸಿಕ್ಕು ಇದೆ. ಚಿತ್ರದ ವಿಷಯವೇ ಪೋಷಕರ ಒತ್ತಡವಾಗಿದ್ದರೆ, ಒಪ್ಪಿಗೆ ಕೇಳುವಾಗಲೇ ಹುಡುಗನ ಗುಟ್ಟು ಬಯಲಾಗಬಹುದು. ಪೋಷಕರಿಗೆ ಸುಳ್ಳು ಹೇಳಿ ಸಹಿ ಪಡೆಯುವ ದಾರಿ ಹಿಡಿಯಬೇಡಿ. ಆ ಪಾತ್ರವನ್ನು ಬಿಟ್ಟು, ಅಂಥದೇ ಅನುಭವವನ್ನು ದಾಟಿ ಬಂದ, ಈಗ ಪ್ರಾಪ್ತ ವಯಸ್ಸಿನವರಾದ ಒಬ್ಬರನ್ನು ಹುಡುಕಿ. ನಾಲ್ಕು ವರ್ಷ ಹಿಂದಿನದನ್ನು ನೆನೆಯುವವರ ಮಾತಿಗೆ ಎಷ್ಟೋ ಸಲ ಹೆಚ್ಚಿನ ಸ್ಪಷ್ಟತೆ ಇರುತ್ತದೆ.

ಗುರುತು ಮರೆಮಾಡುವುದನ್ನು ಎಡಿಟಿಂಗ್ ಹಂತಕ್ಕೆ ಬಿಡಬೇಡಿ. ಚಿತ್ರೀಕರಿಸುವಾಗಲೇ ಮುಖ ಬಾರದಂತೆ ನೋಡಿಕೊಳ್ಳಿ: ಬೆನ್ನ ಹಿಂದಿನಿಂದ, ಕೈಗಳ ಮೇಲೆ, ಬೆಳಕಿಗೆ ಬೆನ್ನು ಮಾಡಿ ಕೂರಿಸಿದ ನೆರಳಿನಂತೆ. ತೆಳುವಾಗಿ ಮಸುಕು ಮಾಡಿದ ಮುಖವನ್ನು ಪರಿಚಿತರು ಗುರುತಿಸಿಬಿಡುತ್ತಾರೆ. ದನಿಯ ಸ್ಥಾಯಿಯನ್ನು ಏರಿಸಿ ಇಳಿಸಿದ್ದನ್ನು ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಲ್ಲರು. ಅವರ ಮಾತುಗಳನ್ನು ಬೇರೊಬ್ಬರಿಂದ ಓದಿಸಿ, ಹಾಗೆ ಓದಿಸಲಾಗಿದೆ ಎಂದು ಪರದೆಯ ಮೇಲೆ ತಿಳಿಸುವುದು ಹೆಚ್ಚು ಭದ್ರ. ಇಷ್ಟಾದ ಮೇಲೂ ಸಮವಸ್ತ್ರದ ಲಾಂಛನ, ಗೋಡೆಯ ಮೇಲಿನ ಕುಟುಂಬದ ಫೋಟೊ, ವಾಹನದ ಸಂಖ್ಯೆ, ಕೈಯ ಮೇಲಿನ ಮಚ್ಚೆ, ಯಾರೋ ಹೆಸರು ಹಿಡಿದು ಕೂಗಿದ ಶಬ್ದ ಉಳಿದಿರುತ್ತವೆ. ಮೊಬೈಲ್ ಕ್ಯಾಮೆರಾದಲ್ಲಿ ಸ್ಥಳದ ಮಾಹಿತಿ ದಾಖಲಿಸುವ ಆಯ್ಕೆಯನ್ನು ಆಫ್ ಮಾಡಿಡಿ. ಇಲ್ಲವಾದರೆ ಮನೆಯ ವಿಳಾಸ ಕಡತದೊಳಗೇ ಕುಳಿತಿರುತ್ತದೆ.

## ಹಂತ 4: ಸಲಕರಣೆ

ಈ ಭಾಗಕ್ಕೆ ತಂಡಗಳು ಅತಿ ಹೆಚ್ಚು ಸಮಯ ಕೊಡುತ್ತವೆ. ಅಷ್ಟು ಬೇಕಿಲ್ಲ. ಒಳ್ಳೆಯ ಮೊಬೈಲ್ ಸಾಕು. ಹಣ ಅಥವಾ ಎರವಲು ಪಡೆಯುವ ಅವಕಾಶ ಇದ್ದರೆ ಅದನ್ನು ಮೈಕ್‌ಗೆ ಬಳಸಿ. ಚಿತ್ರ ಸ್ವಲ್ಪ ಮಂಕಾದರೆ ನೋಡುವವರು ಸಹಿಸುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಬೇಕಾದವು ಇಷ್ಟು: ಅಂಗಿಗೆ ಸಿಕ್ಕಿಸುವ ಮೈಕ್, ಕಿವಿ ಮುಚ್ಚುವ ಹೆಡ್‌ಫೋನ್, ಟ್ರೈಪಾಡ್, ಹೆಚ್ಚುವರಿ ಬ್ಯಾಟರಿ ಅಥವಾ ಪವರ್ ಬ್ಯಾಂಕ್, ಎರಡು ಹಾರ್ಡ್ ಡಿಸ್ಕ್. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶದ ಉಚಿತ ಆವೃತ್ತಿ ಧಾರಾಳವಾಗಿ ಸಾಕಾಗುತ್ತದೆ.

ಮೊಬೈಲನ್ನು ಅಡ್ಡವಾಗಿ ಹಿಡಿಯಿರಿ. ಸೆಕೆಂಡಿಗೆ 25 ಅಥವಾ 30 ಫ್ರೇಮ್, ಒಂದನ್ನು ಆರಿಸಿದ ಮೇಲೆ ಕೊನೆಯವರೆಗೂ ಅದೇ. ಫೋಕಸ್ ಮತ್ತು ಬೆಳಕಿನ ಪ್ರಮಾಣವನ್ನು ಲಾಕ್ ಮಾಡಿ. ಇಲ್ಲವಾದರೆ ಮಾತಿನ ನಡುವೆ ಮುಖ ಕಪ್ಪಾಗಿ ಬೆಳ್ಳಗಾಗುತ್ತಿರುತ್ತದೆ. ಕೃತಕ ದೀಪದ ಕೆಳಗೆ ಚಿತ್ರ ಮಿಟುಕಿದರೆ ಶಟರ್ ವೇಗ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಅವಧಿ) ಬದಲಿಸಿ: ವಿದ್ಯುತ್ 50 ಹರ್ಟ್ಸ್ ಇರುವಲ್ಲಿ ಸೆಕೆಂಡಿನ 1/50 ಅಥವಾ 1/100, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120. ಧ್ವನಿಯನ್ನು 48 ಕಿಲೋಹರ್ಟ್ಸ್‌ನಲ್ಲಿ ದಾಖಲಿಸಿ, ಜೋರು ಮಾತು ಧ್ವನಿ ಮಾಪಕದಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಇರಲಿ. ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ, ಸರ ಅಥವಾ ದುಪಟ್ಟಾ ಉಜ್ಜದ ಜಾಗದಲ್ಲಿರಲಿ.

## ಹಂತ 5: ಸಂದರ್ಶನ

ಚಿತ್ರ ಗೆಲ್ಲುವುದೂ ಸೋಲುವುದೂ ಇಲ್ಲಿ. ನಿಧಾನವಾಗಿ ಓದಿ.

ಒಬ್ಬೊಬ್ಬರನ್ನೇ ಕೂರಿಸಿ. ಮನೋವಿಜ್ಞಾನಿ ಸೊಲೊಮನ್ ಆಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗೆರೆಗಳ ಉದ್ದವನ್ನು ಹೋಲಿಸುವ ಸುಲಭದ ಪ್ರಶ್ನೆಗೆ ಗುಂಪಿನ ಉಳಿದವರು ಮೊದಲೇ ಹೇಳಿಕೊಟ್ಟಂತೆ ಬೇಕೆಂದೇ ತಪ್ಪು ಉತ್ತರ ಕೊಡುತ್ತಿದ್ದರು. ಇದು ತಿಳಿಯದೆ ಪರೀಕ್ಷೆಗೆ ಒಳಗಾದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಕಣ್ಣೆದುರಿನ ಸತ್ಯವನ್ನು ಬಿಟ್ಟು ಒಮ್ಮೆಯಾದರೂ ಗುಂಪಿನ ಉತ್ತರವನ್ನೇ ಹೇಳಿದರು. ಗೆರೆಯ ಉದ್ದದ ವಿಷಯದಲ್ಲೇ ಹೀಗಾದರೆ, ನಾಲ್ವರು ಗೆಳೆಯರನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ "ನಿಮಗೆ ಗೆಳೆಯರಿಂದ ಒತ್ತಡ ಇದೆಯೇ" ಎಂದು ಕೇಳಿದಾಗ ಏನು ಸಿಗಬಹುದು? ಮೊದಲು ಮಾತನಾಡಿದವನ ಉತ್ತರ, ನಾಲ್ಕು ಸಲ.

ಕೋಣೆಯಲ್ಲಿ ಯಾರಿದ್ದಾರೆ ನೋಡಿ. ನನ್ನ ಮೊದಲ ಚಿತ್ರದಲ್ಲಿ ಹುಡುಗನ ತಾಯಿ ನಮಗೆಲ್ಲ ನೀರು ತಂದುಕೊಟ್ಟು, ಹೋಗುವ ಬದಲು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ನಮಗೆ ಅದು ದೊಡ್ಡದೆನಿಸಲಿಲ್ಲ. ಎಡಿಟಿಂಗ್‌ಗೆ ಕೂತಾಗ ಗೊತ್ತಾಯಿತು: ಮೊದಲ ಹನ್ನೊಂದು ನಿಮಿಷ "ನನಗೆ ಹೇಳಲು ಭಯವಾಗುತ್ತಿತ್ತು" ಎನ್ನುತ್ತಿದ್ದ ಹುಡುಗ, ನೀರಿನ ಲೋಟ ಬಂದ ಕ್ಷಣದಿಂದ "ನಮ್ಮ ಮನೆಯಲ್ಲಿ ಹಾಗೇನೂ ಇಲ್ಲ" ಎನ್ನತೊಡಗಿದ್ದ. "ನಾನು" ಹೋಗಿ "ನಾವು" ಬಂದಿತ್ತು. ಆ ಸರ್ವನಾಮ ಬದಲಾದರೆ ಅದೇ ನಿಮಗೆ ಎಚ್ಚರಿಕೆಯ ಗಂಟೆ. ರೆಕಾರ್ಡಿಂಗ್ ನಿಲ್ಲಿಸಿ, ಸ್ವಲ್ಪ ಹೊತ್ತು ಹೊರಗೆ ನಡೆದಾಡಿ, ಜಾಗ ಬದಲಿಸಿ. ತಂಡದವರೂ ಕೋಣೆಯಲ್ಲಿ ಇಬ್ಬರಿಗಿಂತ ಹೆಚ್ಚು ಇರಬಾರದು. ಅಪ್ರಾಪ್ತರಾದರೆ ಅವರು ಒಪ್ಪಿದ ಒಬ್ಬ ಹಿರಿಯರು ಕರೆದರೆ ಕೇಳುವಷ್ಟು ದೂರದಲ್ಲಿ, ಎದುರಿಗೆ ಕಾಣದಂತೆ ಕೂತಿರಲಿ.

"ಒತ್ತಡ" ಎಂಬ ಪದವನ್ನೇ ಬಳಸಬೇಡಿ. ನೀವು ಆ ಪದ ಕೊಟ್ಟರೆ ಅವರು ಅದನ್ನೇ ಹಿಂದಿರುಗಿಸುತ್ತಾರೆ. ನಡೆದ ಘಟನೆಯನ್ನು ಕೇಳಿ. "ಫಲಿತಾಂಶದ ದಿನ ಮನೆಯ ಬಾಗಿಲು ತೆರೆದವರು ಯಾರು? ಮೊದಲ ಮಾತು ಏನು?" "ಆ ಫೋಟೊ ಹಾಕಿದ ಮೇಲೆ ಎಷ್ಟು ಸಲ ತೆರೆದು ನೋಡಿದೆ? ಯಾವಾಗ ಅಳಿಸಿದೆ?" "ಏಕೆ" ಎಂಬ ಪ್ರಶ್ನೆ ವಿಚಾರಣೆಯಂತೆ ಕೇಳಿಸುತ್ತದೆ, "ಆಮೇಲೆ" ಎಂಬ ಒಂದೇ ಪದ ಎಷ್ಟೋ ಹೆಚ್ಚು ಕೆಲಸ ಮಾಡುತ್ತದೆ. ನಿಮ್ಮ ಪ್ರಶ್ನೆ ಚಿತ್ರದಲ್ಲಿ ಇರುವುದಿಲ್ಲವಾದ್ದರಿಂದ ಪೂರ್ತಿ ವಾಕ್ಯದಲ್ಲಿ ಉತ್ತರಿಸುವಂತೆ ಆರಂಭದಲ್ಲೇ ಕೇಳಿಕೊಳ್ಳಿ.

ಮೌನವನ್ನು ತುಂಬಬೇಡಿ. ಉತ್ತರ ಮುಗಿದಂತೆ ಕಂಡ ಮೇಲೆ ಮನಸ್ಸಿನಲ್ಲಿ ಐದು ಎಣಿಸಿ. ನಾನು ಕೇಳಿದ ಅತ್ಯಂತ ನಿಜವಾದ ಮಾತುಗಳು ಮೂರು ಮತ್ತು ಐದರ ನಡುವೆ ಬಂದಿವೆ. ಅಳು ಬಂದರೆ ಕ್ಯಾಮೆರಾವನ್ನು ಹತ್ತಿರಕ್ಕೆ ಒಯ್ಯಬೇಡಿ. "ನಿಲ್ಲಿಸೋಣವೇ?" ಎಂದು ಕೇಳಿ, ನಿಲ್ಲಿಸು ಎಂದರೆ ನಿಲ್ಲಿಸಿ.

ಸಂದರ್ಶನ ಮುಗಿಯಿತು ಎಂದು ಹೇಳಿದ ಮೇಲೆ ಜನ ಹಗುರಾಗುತ್ತಾರೆ, ಆಗ ಬಹಳ ಮುಖ್ಯವಾದ ಮಾತು ಹೊರಬರುತ್ತದೆ. ಮೈಕ್ ಇನ್ನೂ ಅಂಗಿಗೆ ಅಂಟಿರುತ್ತದೆ. ಅದನ್ನು ಸದ್ದಿಲ್ಲದೆ ಬಳಸಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಬಳಸಬೇಡಿ. "ಈಗ ಹೇಳಿದ್ದನ್ನು ಚಿತ್ರದಲ್ಲಿ ಇಡಬಹುದೇ?" ಎಂದು ಅಲ್ಲೇ ಕೇಳಿ.

ಒತ್ತಡ ಹೇರುವವರನ್ನೂ ಮಾತನಾಡಿಸಿ, ಬೇರೆ ದಿನ, ಬೇರೆಯಾಗಿ. ಮಗನನ್ನು ಅಂಕಗಳಿಗಾಗಿ ಹಿಂಡುವ ತಂದೆಯ ಬೆನ್ನ ಮೇಲೂ ಯಾರದೋ ಕೈ ಇರುತ್ತದೆ. ಅದು ಕಂಡಾಗ ಚಿತ್ರದ ತೂಕವೇ ಬದಲಾಗುತ್ತದೆ. ಮಗ ಹೇಳಿದ ಒಂದಕ್ಷರವನ್ನೂ ಆ ತಂದೆಯ ಮುಂದೆ ಆಡಬಾರದು, ಪ್ರಶ್ನೆಯ ರೂಪದಲ್ಲೂ.

ತಜ್ಞರು ಬೇಕಿದ್ದರೆ ಒಬ್ಬರು ಸಾಕು. ಒತ್ತಡ ಮನಸ್ಸಿನ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿ. ನಿಮ್ಮ ಪಾತ್ರದ ದೃಶ್ಯ ತೋರಿಸಿ "ಇವಳಿಗೆ ಏನಾಗಿದೆ" ಎಂದು ಕೇಳಬೇಡಿ.

ಎದ್ದು ಬರುವ ಮುಂಚೆ ಎಲ್ಲರೂ ಸುಮ್ಮನಿದ್ದು ಕೋಣೆಯ ಶಬ್ದವನ್ನು ಒಂದು ನಿಮಿಷ ದಾಖಲಿಸಿ. ಎಡಿಟಿಂಗ್‌ನಲ್ಲಿ ಮಾತಿನ ನಡುವಿನ ಬಿರುಕುಗಳನ್ನು ಮುಚ್ಚುವುದು ಇದರಿಂದಲೇ.

## ಹಂತ 6: ಮಾತಿನ ಹೊರಗಿನ ದೃಶ್ಯಗಳು

ಹಂತ 2ರ ಟಿಪ್ಪಣಿಯನ್ನು ತೆರೆಯಿರಿ. ಅಲ್ಲಿ ಬರೆದ ಹೊತ್ತಿಗೆ, ಅದೇ ಜಾಗಕ್ಕೆ ಹೋಗಿ. ಒಂದೊಂದು ಶಾಟನ್ನೂ ಕ್ಯಾಮೆರಾ ಅಲುಗಿಸದೆ ಕನಿಷ್ಠ ಹತ್ತು ಸೆಕೆಂಡ್ ಹಿಡಿಯಿರಿ. ದೂರದ ಒಂದು, ಮಧ್ಯದ ಒಂದು, ಹತ್ತಿರದ ಮೂರು.

ಹತ್ತಿರದವುಗಳಲ್ಲೇ ಚಿತ್ರದ ಜೀವ ಇರುವುದು. ಒಬ್ಬ ಹುಡುಗಿ ಓದುವ ಮೇಜಿನ ಮೇಲೆ ಮೊಬೈಲನ್ನು ಬೋರಲು ಹಾಕಿದಳು. ಪುಟ ತಿರುವಿದಳು. ಹೆಬ್ಬೆರಳು ಹೋಗಿ ಮೊಬೈಲಿನ ಅಂಚನ್ನು ಒಂದಿಷ್ಟು ಎತ್ತಿತು, ಬೆಳಕು ಮೇಜಿನ ಮೇಲೆ ಗೆರೆಯಾಗಿ ಬಿತ್ತು, ಮತ್ತೆ ಇಳಿಸಿದಳು. ಮೂರು ನಿಮಿಷದಲ್ಲಿ ಹೀಗೆ ನಾಲ್ಕು ಸಲ. ಆ ಶಾಟಿನ ಮೇಲೆ ಯಾರ ವ್ಯಾಖ್ಯಾನವೂ ಬೇಕಾಗಲಿಲ್ಲ. ಅದು ಸಿಕ್ಕಿದ್ದು ನಾವು ಏನನ್ನೂ ಮಾಡಿ ತೋರಿಸಲು ಹೇಳದೆ, ಟ್ರೈಪಾಡ್ ಇಟ್ಟು ಮೂಲೆಯಲ್ಲಿ ಕೂತಿದ್ದಕ್ಕೆ.

ಮೊಬೈಲ್ ಪರದೆಯನ್ನು ತೋರಿಸಬೇಕಾದಾಗ ನಿಜವಾದ ಸಂಭಾಷಣೆಯನ್ನು ಚಿತ್ರೀಕರಿಸಬೇಡಿ. ಅದರಲ್ಲಿ ಒಪ್ಪಿಗೆ ಕೊಡದವರ ಹೆಸರು, ಫೋಟೊ, ಮಾತು ಇರುತ್ತದೆ. ಬೇರೆ ಮೊಬೈಲಿನಲ್ಲಿ ಕಲ್ಪಿತ ಹೆಸರುಗಳೊಂದಿಗೆ ಮರುಸೃಷ್ಟಿಸಿ, "ಮರುಸೃಷ್ಟಿ" ಎಂದು ಪರದೆಯ ಮೇಲೆ ಬರೆಯಿರಿ.

ಎಚ್ಚರಿಕೆಯ ಗುರುತು: ನಿಮ್ಮ ಶಾಟ್ ಪಟ್ಟಿಯಲ್ಲಿ ಮಳೆ ಬೀಳುವ ಕಿಟಕಿ, ಉರಿದು ಮುಗಿಯುವ ಮೇಣದಬತ್ತಿ, ಜನಜಂಗುಳಿಯ ನಡುವೆ ಒಂಟಿಯಾಗಿ ನಿಂತವನು ಇದ್ದರೆ ಹೊಡೆದುಹಾಕಿ. ಇವು ಯಾರ ಚಿತ್ರಕ್ಕಾದರೂ ಹೊಂದುತ್ತವೆ.

## ಹಂತ 7: ಕಡತಗಳ ಜೋಪಾನ

ಚಿತ್ರೀಕರಿಸಿದ ದಿನವೇ ಕಡತಗಳನ್ನು ಇಳಿಸಿ. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಒಂದು ಪ್ರತಿ ಬೇರೆ ಮನೆಯಲ್ಲಿ. ಎರಡು ಪ್ರತಿಗಳನ್ನು ತೆರೆದು ನೋಡುವವರೆಗೆ ಮೆಮೊರಿ ಕಾರ್ಡ್ ಅಳಿಸಬೇಡಿ. ಕಡತಕ್ಕೆ ದಿನಾಂಕ ಮತ್ತು ಸಂಕೇತದ ಹೆಸರಿಡಿ, ವ್ಯಕ್ತಿಯ ಹೆಸರು ಬೇಡ. ಒಪ್ಪಿಗೆ ಪತ್ರಗಳು ಇವುಗಳ ಜೊತೆ ಒಂದೇ ಫೋಲ್ಡರಿನಲ್ಲಿ ಇರಬಾರದು. ತಂಡದ ವಾಟ್ಸ್ಆ್ಯಪ್ ಗುಂಪಿಗೆ ಸಂದರ್ಶನದ ತುಣುಕನ್ನು ಹಾಕುವ ಅಭ್ಯಾಸ ಇದ್ದರೆ ಇಂದೇ ನಿಲ್ಲಿಸಿ. ಅಲ್ಲಿಂದ ಹೊರಗೆ ಹೋದದ್ದನ್ನು ವಾಪಸು ತರಲಾಗುವುದಿಲ್ಲ.

## ಹಂತ 8: ಮೊದಲು ಕಾಗದದ ಮೇಲೆ ಎಡಿಟ್ ಮಾಡಿ

ಎಲ್ಲ ಸಂದರ್ಶನಗಳನ್ನೂ ಅಕ್ಷರಕ್ಕಿಳಿಸಿ, ಪ್ರತಿ ಪ್ಯಾರಾದ ಪಕ್ಕದಲ್ಲಿ ಸಮಯ ಬರೆಯಿರಿ. ಬೇಸರದ ಕೆಲಸ, ಹಾಗಾಗಿ ತಂಡಗಳು ಇದನ್ನು ಹಾರಿಸುತ್ತವೆ. ಆಮೇಲೆ ಎಡಿಟಿಂಗ್ ಮೇಜಿನ ಮುಂದೆ ಮೂರು ವಾರ "ಅದೆಲ್ಲೋ ಚೆನ್ನಾಗಿ ಹೇಳಿದ್ದಳಲ್ಲ" ಎಂದು ಹುಡುಕುತ್ತವೆ.

ಮೂರು ಬಣ್ಣದ ಪೆನ್ನು ಹಿಡಿಯಿರಿ. ನಡೆದದ್ದಕ್ಕೆ ಒಂದು ಬಣ್ಣ, ಅನಿಸಿದ್ದಕ್ಕೆ ಒಂದು, ಅಭಿಪ್ರಾಯಕ್ಕೆ ಒಂದು. ಚಿತ್ರದ ಬಹುಪಾಲು ಮೊದಲನೆಯ ಬಣ್ಣದಿಂದ ಬರಬೇಕು, ಎರಡನೆಯದು ಅಲ್ಲಲ್ಲಿ, ಮೂರನೆಯದು ಸಾಧ್ಯವಾದರೆ ಬೇಡವೇ ಬೇಡ. ಪ್ರತಿ ವಾಕ್ಯಕ್ಕೂ ಒಂದು ಪರೀಕ್ಷೆ ಮಾಡಿ: ಇದನ್ನು ಬೇರೆ ಯಾರಾದರೂ ಹೇಳಬಹುದಿತ್ತೇ? ಹೌದು ಎಂದಾದರೆ ತೆಗೆಯಿರಿ.

ಉಳಿದ ತುಣುಕುಗಳನ್ನು ಕತ್ತರಿಸಿ ನೆಲದ ಮೇಲೆ ಹರಡಿ ಜೋಡಿಸಿ. ಸಾಮಾನ್ಯವಾಗಿ ಹೊಂದುವ ಕ್ರಮ ಹೀಗೆ: ತೀರ್ಮಾನದ ಸಮೀಪದ ಒಂದು ಕ್ಷಣದಿಂದ ಆರಂಭ, ಆ ವ್ಯಕ್ತಿಯ ಮಾಮೂಲಿ ದಿನ, ನಿರೀಕ್ಷೆ ಎಲ್ಲಿಂದ ಬಂತು, ಅದು ಬಿಗಿಯಾಗುತ್ತಾ ಹೋದ ಬಗೆ, ಎದುರು ಪಕ್ಷದ ಮಾತು, ತೀರ್ಮಾನ ಅಥವಾ ತೀರ್ಮಾನ ಆಗದೇ ಉಳಿದದ್ದು. ಬದುಕಿನಲ್ಲಿ ಪರಿಹಾರ ಸಿಗದಿದ್ದರೆ ಚಿತ್ರದಲ್ಲೂ ಅದನ್ನು ಹುಟ್ಟಿಸಬೇಡಿ.

ಅಂಕಿಅಂಶ ಬಳಸುವುದಾದರೆ ಯಾರ ಸಮೀಕ್ಷೆ, ಯಾವ ವರ್ಷ, ಯಾರನ್ನು ಕೇಳಿದ್ದು, ಮೂರೂ ಗೊತ್ತಿರಬೇಕು. ಒಂದು ಗೊತ್ತಿಲ್ಲದಿದ್ದರೂ ಆ ಅಂಕಿ ಬೇಡ.

## ಹಂತ 9: ಎಡಿಟಿಂಗ್

ಮೊದಲ ಜೋಡಣೆಯಲ್ಲಿ ಬರೀ ಮಾತು ಇರಲಿ, ದೃಶ್ಯ, ಸಂಗೀತ ಏನೂ ಬೇಡ. ಕಣ್ಣು ಮುಚ್ಚಿ ಕೇಳಿ. ರೇಡಿಯೊ ಕಾರ್ಯಕ್ರಮವಾಗಿ ನಿಂತರೆ ಮುಂದೆ ಹೋಗಿ. ನಂತರ ಹಂತ 6ರ ದೃಶ್ಯಗಳನ್ನು ಸೇರಿಸಿ, ಮಾತಿಗೆ ತಕ್ಕ ಚಿತ್ರವಾಗಿ ಅಲ್ಲ, ಮಾತು ಹೇಳದೇ ಬಿಟ್ಟದ್ದಕ್ಕೆ ಚಿತ್ರವಾಗಿ. ಮುಂದಿನ ದೃಶ್ಯದ ಶಬ್ದವನ್ನು ಒಂದೆರಡು ಸೆಕೆಂಡ್ ಮುಂಚೆಯೇ ಕೇಳಿಸಿದರೆ ಕತ್ತರಿಸಿದ್ದು ಗೊತ್ತಾಗುವುದಿಲ್ಲ.

ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇನ್ನೊಂದು ಪ್ರಶ್ನೆಗೆ ಅಂಟಿಸಬೇಡಿ. "ಕೋಪ ಬರುತ್ತಿತ್ತು, ಆದರೆ ಅವರ ಕಷ್ಟವೂ ಅರ್ಥವಾಗುತ್ತಿತ್ತು" ಎಂಬ ವಾಕ್ಯದಲ್ಲಿ "ಆದರೆ" ಮುಂಚೆ ಕತ್ತರಿ ಹಾಕಿದರೆ ನೀವು ಒಂದು ಮನೆಯೊಳಗೆ ಜಗಳ ಇಟ್ಟು ಬಂದಂತೆ.

ಸಂಗೀತ ಕಡಿಮೆ ಮಾಡಿ. ದುಃಖದ ಮಾತಿನ ಕೆಳಗೆ ದುಃಖದ ಸಂಗೀತ ಹಾಕುವುದೆಂದರೆ ನೋಡುವವರ ಮೇಲೆ ನಿಮಗೆ ನಂಬಿಕೆ ಇಲ್ಲವೆಂದು ಅರ್ಥ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ (ಕೆಲವು ಷರತ್ತುಗಳೊಂದಿಗೆ ಉಚಿತ ಬಳಕೆಗೆ ಬಿಟ್ಟ) ಸಂಗೀತ ಬಳಸುವಾಗ ಷರತ್ತುಗಳನ್ನು ಓದಿ. ಮಾರ್ಪಾಡು ಕೂಡದು ಎಂಬ ಷರತ್ತಿದ್ದರೆ ಅದನ್ನು ವಿಡಿಯೊಗೆ ಜೋಡಿಸುವಂತಿಲ್ಲ, ಏಕೆಂದರೆ ದೃಶ್ಯಕ್ಕೆ ಹೊಂದಿಸುವುದನ್ನೂ ಆ ಪರವಾನಗಿ ಮಾರ್ಪಾಡೆಂದೇ ಎಣಿಸುತ್ತದೆ.

ಕರಡು ಸಿದ್ಧವಾದಾಗ ವಿಷಯದ ಪರಿಚಯವಿಲ್ಲದ ಮೂವರಿಗೆ ತೋರಿಸಿ. "ಹೇಗಿದೆ" ಎಂದರೆ "ಚೆನ್ನಾಗಿದೆ" ಎನ್ನುತ್ತಾರೆ. "ಎಲ್ಲಿ ಮನಸ್ಸು ಬೇರೆಡೆ ಹೋಯಿತು? ಯಾರು ಯಾರಿಗೆ ಏನಾಗಬೇಕು?" ಎಂದು ಕೇಳಿ. ದೃಶ್ಯಗಳ ಜೋಡಣೆ ಅಂತಿಮವಾದ ಮೇಲೆಯೇ ಧ್ವನಿ ಹದಗೊಳಿಸುವುದು, ಬಣ್ಣ ತಿದ್ದುವುದು, ಅಡಿಬರಹ ಹಾಕುವುದು. ಮೊದಲೇ ಮಾಡಿದರೆ ಎರಡೆರಡು ಸಲ ಮಾಡಬೇಕಾಗುತ್ತದೆ.

## ಹಂತ 10: ತೋರಿಸುವ ಮುಂಚೆ, ತೋರಿಸಿದ ಮೇಲೆ

ಚಿತ್ರವನ್ನು ಎಲ್ಲರಿಗಿಂತ ಮೊದಲು ನೋಡಬೇಕಾದವರು ಅದರಲ್ಲಿ ಇರುವವರು. ಒಬ್ಬೊಬ್ಬರಿಗೇ, ಅವರಿಗೆ ಅನುಕೂಲವಾದ ಜಾಗದಲ್ಲಿ ತೋರಿಸಿ. ತಮ್ಮ ಮಾತು ಬೇರೆಯವರ ಮಾತಿನ ಪಕ್ಕದಲ್ಲಿ ಹೇಗೆ ಕೇಳಿಸುತ್ತದೆ ಎಂಬುದು ಅವರಿಗೆ ಆಗಲೇ ತಿಳಿಯುವುದು. ಒಂದು ಸಾಲನ್ನು ತೆಗೆಯಲು ಕೇಳಿದರೆ ವಾದಿಸಬೇಡಿ. ಪ್ರದರ್ಶನಕ್ಕೂ ಈ ಭೇಟಿಗೂ ನಡುವೆ ಕನಿಷ್ಠ ಹತ್ತು ದಿನ ಇರಲಿ. ಹಿಂದಿನ ರಾತ್ರಿ ತೋರಿಸಿ "ಸರಿಯೇ" ಎಂದು ಕೇಳುವುದು ಒತ್ತಾಯ.

ಆತ್ಮಹತ್ಯೆಯ ಪ್ರಸ್ತಾಪ ಬಂದಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ಚಿತ್ರ ತಯಾರಕರಿಗೆಂದೇ 2019ರಲ್ಲಿ ಹೊರತಂದ ಮಾರ್ಗದರ್ಶನವನ್ನು ಇಡೀ ತಂಡ ಓದಲೇಬೇಕು. ವಿಧಾನವನ್ನು ತೋರಿಸಬಾರದು, ವಿವರಿಸಬಾರದು. ಒಂದೇ ಕಾರಣಕ್ಕೆ, ಒಂದೇ ಪರೀಕ್ಷೆಗೆ ಅದನ್ನು ಕಟ್ಟಿಹಾಕಬಾರದು. ಬಿಡುಗಡೆಯ ದಾರಿ ಎಂಬಂತೆ ಬಿಂಬಿಸಬಾರದು. ಚಿತ್ರದ ಆರಂಭದಲ್ಲಿ ಮುನ್ಸೂಚನೆ, ಕೊನೆಯಲ್ಲಿ ಚಿತ್ರ ತೋರಿಸುವ ಪ್ರದೇಶದಲ್ಲಿ ಕೆಲಸ ಮಾಡುತ್ತಿರುವ ಸಹಾಯವಾಣಿಯ ಸಂಖ್ಯೆ ಇರಲಿ. ಆ ಸಂಖ್ಯೆಗೆ ಮೊದಲು ನೀವೇ ಕರೆ ಮಾಡಿ, ಯಾರಾದರೂ ಎತ್ತುತ್ತಾರೆಯೇ ಎಂದು ಖಚಿತಪಡಿಸಿಕೊಳ್ಳಿ.

ಪ್ರದರ್ಶನದ ನಂತರ ಚರ್ಚೆ ಇದ್ದರೆ ಚಿತ್ರದಲ್ಲಿ ಇರುವವರನ್ನು ವೇದಿಕೆಗೆ ಕರೆಯುವುದು ಅವರ ಇಚ್ಛೆಗೆ ಬಿಟ್ಟದ್ದು. ಸಭೆಯಲ್ಲಿ ಕೂತವರತ್ತ ಕೈ ತೋರಿಸಿ "ಇವರೇ ಅವರು" ಎನ್ನಬೇಡಿ. ಅಂತರ್ಜಾಲಕ್ಕೆ ಏರಿಸುವುದಾದರೆ ಪ್ರತಿಕ್ರಿಯೆಗಳನ್ನು ಮುಚ್ಚಿಡಿ, ಹದಿನೇಳರ ಹುಡುಗಿಯೊಬ್ಬಳು ತನ್ನ ಬಗ್ಗೆ ಅಪರಿಚಿತರು ಬರೆದದ್ದನ್ನು ಮಧ್ಯರಾತ್ರಿ ಒಬ್ಬಳೇ ಓದುವಂತಾಗಬಾರದು. ತೆಗೆಯಬೇಕೆಂದು ಕೇಳಿದರೆ ತೆಗೆಯುವವರು ಯಾರು, ಖಾತೆಯ ಪಾಸ್‌ವರ್ಡ್ ಯಾರ ಬಳಿ ಇದೆ ಎಂಬುದು ತಂಡ ಚದುರುವ ಮುನ್ನವೇ ತೀರ್ಮಾನವಾಗಲಿ.

ಪ್ರದರ್ಶನದ ಮರುದಿನ ಚಿತ್ರದಲ್ಲಿದ್ದ ಪ್ರತಿಯೊಬ್ಬರಿಗೂ ಕರೆ ಮಾಡಿ. ಮನೆಯಲ್ಲಿ ಏನೆಂದರು, ತರಗತಿಯಲ್ಲಿ ಏನೆಂದರು ಎಂದು ಕೇಳಿ. ಒಂದು ವಾರ ಬಿಟ್ಟು ಇನ್ನೊಮ್ಮೆ, ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ಕರೆ ಮಾಡಿ. ಈ ಮೂರು ದಿನಾಂಕಗಳನ್ನು ಚಿತ್ರೀಕರಣದ ವೇಳಾಪಟ್ಟಿಯಲ್ಲೇ, ಮೊದಲ ದಿನವೇ ಬರೆದಿಡಿ.